ಮಗುವಿನ ಕಿವಿ, ವಂಶವಾಹಿ ಪರೀಕ್ಷೆ, ವಿಮೆಯ ಅರ್ಜಿ: ಯಾವುದು ಮೊದಲು?

ಬನಹಟ್ಟಿಯಲ್ಲಿ ನನ್ನ ತಮ್ಮನ ಮನೆಯಲ್ಲಿ ನಾಲ್ಕು ಪವರ್‌ಲೂಮ್‌ಗಳಿವೆ. ಗೋಡೆಯ ಆಚೆ ಮಗ್ಗ, ಈಚೆ ತೊಟ್ಟಿಲು. ಅಷ್ಟು ಸದ್ದಿನಲ್ಲೂ ಕೂಸು ಅಲುಗಾಡದೆ ಮಲಗುವುದನ್ನು ನೋಡಿ "ನೇಕಾರರ ಮನೆಯ ಕೂಸಲ್ಲವೇ, ಹುಟ್ಟುತ್ತಲೇ ಸದ್ದಿಗೆ ಹೊಂದಿಕೊಂಡಿದೆ" ಎಂದು ಎಲ್ಲರೂ ಹೆಮ್ಮೆಪಟ್ಟೆವು. ಕರೆಂಟು ಹೋಗಿ ಮಗ್ಗಗಳು ಒಮ್ಮೆಲೇ ನಿಂತಾಗ, ಮತ್ತೆ ಒಮ್ಮೆಲೇ ಶುರುವಾದಾಗ ಕೂಸು ರೆಪ್ಪೆಯನ್ನೂ ಮಿಟುಕಿಸುವುದಿಲ್ಲ ಎಂಬುದನ್ನು ಗಮನಿಸಿದವಳು ತಾಯಿ. ಆಗ ಮಗುವಿಗೆ ಹತ್ತು ತಿಂಗಳು.

ಆ ತಾಯಿ ನನ್ನ ಅಕ್ಕನ ಮಗಳು. ಹೌದು, ತಮ್ಮನಿಗೆ ಅಕ್ಕನ ಮಗಳನ್ನೇ ತಂದುಕೊಂಡೆವು. ನಮ್ಮ ಕಡೆ ಇದರಲ್ಲಿ ಹೊಸದೇನೂ ಇಲ್ಲ. ಸದ್ದಿಗೆ ಕಿವಿಯ ನರ, ಮಿದುಳು ಸ್ಪಂದಿಸುತ್ತವೆಯೇ ಎಂದು ನೋಡುವ ಬೇರಾ ಪರೀಕ್ಷೆಯಲ್ಲಿ ಎರಡೂ ಕಿವಿಗೆ ತೀವ್ರ ಶ್ರವಣದೋಷವಿದೆ ಎಂದು ಗೊತ್ತಾದ ಮೇಲೆ ಕಿವಿ ವೈದ್ಯರು ವಂಶವಾಹಿ ಪರೀಕ್ಷೆಗೆ ಚೀಟಿ ಬರೆದರು. ಅಂದು ರಾತ್ರಿ ಅವಳು ಫೋನು ಮಾಡಿ ಕೇಳಿದ್ದು ಪರೀಕ್ಷೆಯ ಬಗ್ಗೆಯಲ್ಲ. "ಮಾವ, ಈ ರಕ್ತ ಕೊಟ್ಟರೆ ನಮ್ಮ ಮನೆಯಲ್ಲಿ ಯಾರಿಗೂ ಇನ್ಶೂರೆನ್ಸ್ ಸಿಗುವುದಿಲ್ಲವಂತೆ, ಹೌದೇನು?"

ಮೂವತ್ತು ವರ್ಷ ವಿಮೆಯ ಕ್ಲೇಮು ಕಾಗದಗಳ ನಡುವೆ ಕುಳಿತವನು ನಾನು. ಆದರೂ ಆ ರಾತ್ರಿ ಸರಿಯಾದ ಉತ್ತರ ನನ್ನಲ್ಲಿರಲಿಲ್ಲ. ಹುಡುಕಿ, ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಈಗಾಗಲೇ ಕಿವಿ ಕೇಳಿಸದ ಮಗುವಿನ ವಿಷಯದಲ್ಲಿ ವಿಮಾ ಕಂಪನಿ ನೋಡುವುದು ಬೇರಾ ವರದಿಯನ್ನು, ಜೀನಿನ, ಅಂದರೆ ವಂಶವಾಹಿಯ, ವರದಿಯನ್ನಲ್ಲ. ಶ್ರವಣದೋಷ ಒಮ್ಮೆ ವೈದ್ಯರ ಕಾಗದದಲ್ಲಿ ದಾಖಲಾದ ಮೇಲೆ, ಅದರ ಕಾರಣ ಹುಡುಕುವುದನ್ನು ಮುಂದೂಡಿದರೆ ವಿಮೆಯ ದೃಷ್ಟಿಯಿಂದ ನಯಾಪೈಸೆಯ ಲಾಭವೂ ಇಲ್ಲ.

ಮೊದಲ ಹೆಜ್ಜೆ: ಜೀನಿಗಿಂತ ಮೊದಲು ಕಿವಿ

ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ನಿರ್ಣಯ, ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ ಆರಂಭ. ಲೋಕವೆಲ್ಲ ಒಪ್ಪಿದ ಗಡುವು ಇದು. ನಾವು ಇದನ್ನು ತಪ್ಪಿಸಿಕೊಂಡೆವು, ನೀವು ತಪ್ಪಿಸಿಕೊಳ್ಳಬೇಡಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಕಿವಿ-ಮೂಗು-ಗಂಟಲು ವಿಭಾಗದಲ್ಲಿ ವಿಚಾರಿಸಿ. ಸರ್ಕಾರಿ ದಾರಿ ಬೇಕಿದ್ದರೆ ಆಶಾ ಕಾರ್ಯಕರ್ತೆಯ ಮೂಲಕ ಮಕ್ಕಳ ಆರೋಗ್ಯ ತಪಾಸಣೆಯ ತಂಡಕ್ಕೆ ತಿಳಿಸಿ. ಅವರು ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸಿಕೊಡುತ್ತಾರೆ.

ಒಂದು ಎಚ್ಚರಿಕೆ. ನವಜಾತ ಶಿಶುಗಳಿಗೆ ಮಾಡುವ ಓಎಇ ಪರೀಕ್ಷೆಯಲ್ಲಿ ಪಾಸಾದರೂ ಕಿವಿ ಕೇಳಿಸದಿರುವ ಮಕ್ಕಳಿದ್ದಾರೆ. ಕಿವಿಯ ಕೋಶಗಳು ಸರಿಯಿದ್ದು, ಸದ್ದು ನರಕ್ಕೆ ದಾಟುವ ಕಡೆ ತೊಂದರೆಯಿದ್ದರೆ ಹೀಗಾಗುತ್ತದೆ. ಓಟಿಒಎಫ್ ಎಂಬ ಜೀನಿನ ದೋಷ ಇದಕ್ಕೆ ಒಂದು ಕಾರಣ. ಈ ಜೀನಿಗೆ ಸಂಬಂಧಿಸಿದ ಜೀನ್ ಚಿಕಿತ್ಸೆಯಿಂದ ಕೆಲವು ಮಕ್ಕಳಿಗೆ ಕೇಳಿಸತೊಡಗಿತೆಂಬ ಸುದ್ದಿ 2024ರಲ್ಲಿ ಬಂದದ್ದು ನಿಮಗೆ ನೆನಪಿರಬಹುದು. ಆಗ ಅದು ಪ್ರಯೋಗದ ಹಂತದ ಮಾತು. ಅದಕ್ಕಾಗಿ ಕಾಯುತ್ತ ಕೂರಬೇಡಿ. ಮನೆಯವರಿಗೆ ಅನುಮಾನವಿದ್ದರೆ ಬೇರಾ ಮಾಡಿಸಿ, ಸಾಕು.

ಎರಡನೆಯ ಹೆಜ್ಜೆ: ಪರೀಕ್ಷೆ ಏಕೆ ಎಂಬುದನ್ನು ಮನೆಯವರೆಲ್ಲ ಅರಿಯುವುದು

ಹುಟ್ಟಿನಿಂದ ಬರುವ ಕಿವುಡುತನದಲ್ಲಿ ಅರ್ಧಕ್ಕಿಂತ ಹೆಚ್ಚಿನದು ವಂಶವಾಹಿಯಿಂದ ಬಂದದ್ದು. ಅದರಲ್ಲೂ ಬಹುಪಾಲು ಪ್ರಕರಣಗಳಲ್ಲಿ ತಂದೆ ತಾಯಿ ಇಬ್ಬರಿಗೂ ಕಿವಿ ಚೆನ್ನಾಗಿಯೇ ಕೇಳಿಸುತ್ತಿರುತ್ತದೆ. ಇಬ್ಬರ ಬಳಿಯೂ ಆ ಜೀನಿನ ಒಂದೊಂದು ದೋಷದ ಪ್ರತಿ, ಜೊತೆಗೆ ಒಂದೊಂದು ಸರಿಯಾದ ಪ್ರತಿ ಇರುತ್ತದೆ. ಇವರನ್ನು ವಾಹಕರು ಎನ್ನುತ್ತಾರೆ. ಇಬ್ಬರಿಂದಲೂ ದೋಷದ ಪ್ರತಿಯೇ ಬಂದ ಮಗುವಿಗೆ ಕಿವಿ ಕೇಳಿಸುವುದಿಲ್ಲ. ಪ್ರತಿ ಬಸಿರಿಗೂ ಈ ಸಾಧ್ಯತೆ ನಾಲ್ಕರಲ್ಲಿ ಒಂದು. "ಮೊದಲನೆಯದಕ್ಕೆ ಬಂತಲ್ಲ, ಇನ್ನು ಮೂರಕ್ಕೆ ಭಯವಿಲ್ಲ" ಎಂಬ ಲೆಕ್ಕ ತಪ್ಪು. ಪ್ರತಿ ಸಲವೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ.

ಹೊಲ ಹೊರಗೆ ಹೋಗಬಾರದು, ಕಳ್ಳುಬಳ್ಳಿ ಬಿಡಬಾರದು ಎಂದು ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ನಮ್ಮಲ್ಲಿ ಒಂದೇ ಅಜ್ಜ-ಅಜ್ಜಿಯ ದೋಷದ ಪ್ರತಿ ಎರಡೂ ಕಡೆಯಿಂದ ಬಂದು ಸೇರುವ ಸಂಭವ ಹೆಚ್ಚು. ಆದರೆ ಸಂಬಂಧವೇ ಇಲ್ಲದ ದಂಪತಿಗೂ ಹೀಗಾಗುತ್ತದೆ. ಇದನ್ನು ಬರೆಯಲು ಕಾರಣವಿದೆ: ನಮ್ಮ ಮನೆಯಲ್ಲಿ ಮೊದಲ ಬೊಟ್ಟು ಹೋದದ್ದು ಸೊಸೆಯ ಕಡೆಗೆ. ಬಸುರಿಯಿದ್ದಾಗ ಗ್ರಹಣ ನೋಡಿದಳು, ಅದು ತಿಂದಳು, ಇದು ಬಿಟ್ಟಳು. ವರದಿ ಬಂದಾಗ ಅದರಲ್ಲಿ ಗಂಡನ ಹೆಸರಿನ ಮುಂದೆಯೂ ಹೆಂಡತಿಯ ಹೆಸರಿನ ಮುಂದೆಯೂ ಒಂದೇ ಸಾಲು ಇತ್ತು. ನನ್ನ ಅಕ್ಕ ಅದನ್ನು ಎರಡು ಸಲ ಓದಿಸಿಕೊಂಡು ಸುಮ್ಮನಾದಳು.

ಆ ಸಾಲಿನಲ್ಲಿದ್ದದ್ದು ಜಿಜೆಬಿ2 ಎಂಬ ಜೀನ್. ವಂಶವಾಹಿ ಕಿವುಡುತನದಲ್ಲಿ ಪದೇ ಪದೇ ಕಾಣಿಸುವ ಹೆಸರು ಇದು; ಕಿವುಡುತನದ ಜೊತೆ ಇದರ ನಂಟು ಗೊತ್ತಾದದ್ದು 1997ರಲ್ಲಿ. ಕಿವಿಯೊಳಗಿನ ಕೋಶಗಳ ನಡುವೆ ಪೊಟ್ಯಾಸಿಯಂ ಓಡಾಡಲು ಬೇಕಾದ ಸಣ್ಣ ಬಾಗಿಲುಗಳನ್ನು ಕಟ್ಟುವ ಪ್ರೋಟೀನಿಗೆ ಇದೇ ನಕ್ಷೆ. ಆ ಪ್ರೋಟೀನಿನಲ್ಲಿ 226 ಮಣಿಗಳ ಸರವಿರಬೇಕು. ಭಾರತದಲ್ಲಿ ಹೆಚ್ಚಾಗಿ ಕಾಣುವ ದೋಷದಲ್ಲಿ 24ನೆಯ ಮಣಿಯ ಜಾಗದಲ್ಲಿ "ಇಲ್ಲಿಗೆ ನಿಲ್ಲಿಸು" ಎಂಬ ಅಪ್ಪಣೆ ಬಂದುಬಿಡುತ್ತದೆ. ತಮ್ಮನಿಗೆ ನಾನು ವಿವರಿಸಿದ್ದು ಹೀಗೆ: ಜಕಾರ್ಡಿನ ರಟ್ಟಿನಲ್ಲಿ ಒಂದು ತೂತು ತಪ್ಪು ಬಿದ್ದರೆ ಸೀರೆಯ ಸೆರಗು ಅರ್ಧಕ್ಕೇ ನಿಂತ ಹಾಗೆ. ಅವನಿಗೆ ತಕ್ಷಣ ಅರ್ಥವಾಯಿತು. ವೈದ್ಯರ ಹತ್ತು ನಿಮಿಷದ ಮಾತು ಅರ್ಥವಾಗಿರಲಿಲ್ಲ.

ಈ ವರದಿಯಿಂದ ಮಗುವಿಗೇ ಆಗುವ ಉಪಯೋಗಗಳಿವೆ. ಜಿಜೆಬಿ2 ಎಂದು ಬಂದರೆ ಶಸ್ತ್ರಚಿಕಿತ್ಸೆ ಮಾಡಿ ಕಿವಿಯೊಳಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಸಾಧನ ಚೆನ್ನಾಗಿ ಕೆಲಸ ಮಾಡುವ ನಿರೀಕ್ಷೆ ಇರುತ್ತದೆ. ಅಷರ್ ಸಿಂಡ್ರೋಮ್ ಎಂದು ಬಂದರೆ ಮುಂದೆ ಕಣ್ಣಿಗೂ ಇರುಳುಗುರುಡಿನಿಂದ ಶುರುವಾಗುವ ತೊಂದರೆ ಬರಬಹುದು. ಆಗ ಕಿವಿಯ ಕೆಲಸವನ್ನು ಬೇಗ ಮುಗಿಸಬೇಕು. ಅಪರೂಪಕ್ಕೆ ಕಿವುಡುತನದ ಜೊತೆ ಹೃದಯದ ಬಡಿತದ ದೋಷವೂ ಇರುತ್ತದೆ. ಹುಟ್ಟುಕಿವುಡು ಮಗು ಎಂದಾದರೂ ಕುಸಿದು ಬಿದ್ದಿದ್ದರೆ, ಅಥವಾ ಇಂಪ್ಲಾಂಟಿಗೆ ಅರಿವಳಿಕೆ ಕೊಡುವ ಮೊದಲು, ಇಸಿಜಿ ತಪ್ಪಿಸಬೇಡಿ. ತಾಯಿಯ ಕಡೆಯವರಲ್ಲಿ ಇಂಜೆಕ್ಷನ್ ನಂತರ ಕಿವಿ ಹೋದವರಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ತಾಯಿಯಿಂದ ಮಾತ್ರ ಬರುವ ಒಂದು ಬದಲಾವಣೆಯಿದ್ದವರಿಗೆ ಜೆಂಟಾಮೈಸಿನ್, ಅಮಿಕಾಸಿನ್, ಸ್ಟ್ರೆಪ್ಟೊಮೈಸಿನ್‌ನಂತಹ ಔಷಧಿಗಳಿಂದಲೇ ಕಿವಿ ಹೋಗಬಹುದು. ಅಂಥ ಮನೆಯಲ್ಲಿ ಈ ಒಂದು ವರದಿ ಎಷ್ಟೋ ಜನರ ಕಿವಿ ಉಳಿಸುತ್ತದೆ.

ಮೂರನೆಯ ಹೆಜ್ಜೆ: ರಕ್ತ ಕೊಡುವ ದಿನ

ನೇರಳೆ ಮುಚ್ಚಳದ ಸಣ್ಣ ಟ್ಯೂಬಿನಲ್ಲಿ ಎರಡು-ಮೂರು ಮಿಲಿ ರಕ್ತ, ಅಷ್ಟೇ. ಅದು ಕೊರಿಯರ್‌ನಲ್ಲಿ ದೊಡ್ಡ ಊರಿನ ಪ್ರಯೋಗಾಲಯಕ್ಕೆ ಹೋಗುತ್ತದೆ. ವರದಿಗೆ ಕೆಲವು ವಾರ ಹಿಡಿಯುತ್ತದೆ. ಮೊದಲೇ ಕೇಳಬೇಕಾದ್ದು: ಒಂದೇ ಜೀನಿನ ಪರೀಕ್ಷೆಯೋ, ಕಿವುಡುತನದ ಹಲವು ಜೀನುಗಳ ಪರೀಕ್ಷೆಯೋ, ಎಲ್ಲ ಜೀನುಗಳದ್ದೋ? ಮೊದಲನೆಯದು ಅಗ್ಗ, ಕೊನೆಯದು ಹಲವು ಸಾವಿರ ರೂಪಾಯಿ. ತಂದೆ ತಾಯಿಯ ರಕ್ತವನ್ನೂ ಹೋಲಿಸಿ ನೋಡುತ್ತಾರೆಯೇ, ಅದಕ್ಕೆ ಬೇರೆ ಹಣವೇ? ವರದಿ ವಿವರಿಸಿ ಹೇಳಲು ಆಪ್ತಸಮಾಲೋಚಕರು ಸಿಗುತ್ತಾರೆಯೇ, ವಿಡಿಯೊ ಕರೆಯಲ್ಲಾದರೂ? ಹಣ ಕಟ್ಟುವ ಮೊದಲು ಎರಡು ಮೂರು ಕಡೆ ದರ ವಿಚಾರಿಸಿ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿಬರುವುದು ದೂರವೆನಿಸಿದರೂ ಒಳ್ಳೆಯದು. ವಿಜಯಪುರ, ಬಾಗಲಕೋಟೆಯಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್ ನೇರವಾಗಿ ಅಲ್ಲಿಗೇ ಹೋಗುತ್ತದೆ. ಬೆಂಗಳೂರಿನಲ್ಲಿ ಮಾನವ ತಳಿವಿಜ್ಞಾನ ಕೇಂದ್ರವಿದೆ.

ಒಪ್ಪಿಗೆ ಪತ್ರವನ್ನು ಓದದೆ ಸಹಿ ಹಾಕಬೇಡಿ. ವರದಿ ಯಾರ ಕೈಗೆ ಹೋಗುತ್ತದೆ, ಉಳಿದ ರಕ್ತವನ್ನು ಸಂಶೋಧನೆಗೆ ಬಳಸುತ್ತಾರೆಯೇ, ಕಿವಿಗೆ ಸಂಬಂಧಿಸದ ಬೇರೆ ಕಾಯಿಲೆಯ ಸುಳಿವು ಸಿಕ್ಕರೆ ಹೇಳಬೇಕೇ ಬೇಡವೇ ಎಂಬ ಪ್ರಶ್ನೆಗಳು ಅದರಲ್ಲಿರುತ್ತವೆ. ಕೊನೆಯದಕ್ಕೆ "ಬೇಡ" ಎನ್ನುವ ಹಕ್ಕು ನಿಮಗಿದೆ. ವರದಿ ಬಂದ ಮೇಲೆ ಅದನ್ನು ಮನೆತನದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಮದುವೆಗೆ ಬಂದ ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಒಂದು ಫೋಟೊ ಎಷ್ಟು ದೂರ ಹೋಗುತ್ತದೆಂದು ಹೇಳಬೇಕಾಗಿಲ್ಲ.

ವರದಿಯಲ್ಲಿ "ಅರ್ಥ ಖಚಿತವಿಲ್ಲದ ಬದಲಾವಣೆ" ಎಂದು ಬಂದರೆ ಅದನ್ನು ರೋಗವೆಂದೂ ತಿಳಿಯಬೇಡಿ, ಅದರ ಮೇಲೆ ಯಾವ ತೀರ್ಮಾನವನ್ನೂ ಮಾಡಬೇಡಿ. ಏನೂ ಸಿಗದಿದ್ದರೆ ವಂಶವಾಹಿ ಕಾರಣವೇ ಇಲ್ಲ ಎಂದೂ ಅಲ್ಲ.

ನಾಲ್ಕನೆಯ ಹೆಜ್ಜೆ: ವಿಮೆ

ಇಲ್ಲಿ ಮನೆಯವರನ್ನು ಮೂರು ಪಾಲು ಮಾಡಿಕೊಳ್ಳಿ. ಎಲ್ಲರ ಲೆಕ್ಕ ಒಂದೇ ಅಲ್ಲ.

ಮೊದಲು, ಕಿವಿ ಕೇಳಿಸದ ಮಗು. 2019ರ ಸೆಪ್ಟೆಂಬರಿನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ಎರಡು ಪಟ್ಟಿಗಳಿದ್ದವು. ಒಂದರಲ್ಲಿ, ಪಾಲಿಸಿಗಳಲ್ಲಿ ಸಾರಾಸಗಟಾಗಿ ಹೊರಗಿಡಬಾರದ ವಿಷಯಗಳು. ವಂಶವಾಹಿ ಕಾಯಿಲೆಗಳು ಮತ್ತು ದೇಹದೊಳಗಿನ ಜನ್ಮಜಾತ ಕಾಯಿಲೆಗಳು ಅದರಲ್ಲಿದ್ದವು. ಇನ್ನೊಂದರಲ್ಲಿ, ಪಾಲಿಸಿ ಕೊಳ್ಳುವಾಗಲೇ ಇದ್ದರೆ ಗ್ರಾಹಕರ ಒಪ್ಪಿಗೆ ಪಡೆದು ಶಾಶ್ವತವಾಗಿ ಹೊರಗಿಡಬಹುದಾದ 16 ಕಾಯಿಲೆಗಳು. ಅದರಲ್ಲಿ ಶ್ರವಣದೋಷದ ಹೆಸರೂ ಇತ್ತು. ನಮ್ಮ ಗೊಂದಲವೆಲ್ಲ ಹುಟ್ಟುವುದು ಈ ಎರಡು ಪಟ್ಟಿಗಳ ನಡುವೆ. "ಜೀನಿನಿಂದ ಬಂದದ್ದು" ಎಂಬ ಒಂದೇ ಕಾರಣಕ್ಕೆ ಕ್ಲೇಮು ನಿರಾಕರಿಸುವುದು ತಪ್ಪು. "ಕಿವಿ ಮೊದಲೇ ಕೇಳಿಸುತ್ತಿರಲಿಲ್ಲ, ನೀವು ಒಪ್ಪಿ ಸಹಿ ಹಾಕಿದ್ದೀರಿ" ಎನ್ನುವುದು ಬೇರೆ ಮಾತು.

ಆದ್ದರಿಂದ ಕಂಪನಿ ಒಂದು ಒಪ್ಪಿಗೆ ಕಾಗದ ಕಳಿಸಿದರೆ ಅದರಲ್ಲಿ ಏನು ಹೊರಗಿಟ್ಟಿದ್ದಾರೆ ಎಂದು ಒಂದೊಂದೇ ಪದ ಓದಿ. ಕಿವಿಯನ್ನು ಹೊರಗಿಟ್ಟರೂ ಡೆಂಗಿ, ಮೂಳೆ ಮುರಿತ, ಅಪೆಂಡಿಕ್ಸ್ ಎಲ್ಲ ಒಳಗೇ ಇರುತ್ತವೆ. ಹಾಗಾಗಿ "ಕಿವುಡು ಮಗುವಿಗೆ ವಿಮೆಯೇ ವ್ಯರ್ಥ" ಎಂಬುದನ್ನು ನಾನು ಒಪ್ಪುವುದಿಲ್ಲ. ಶಾಶ್ವತವಾಗಿ ಹೊರಗಿಡದೆ, ಮೊದಲೇ ಇದ್ದ ಕಾಯಿಲೆಗೆ ಕ್ಲೇಮು ಸಿಗದ ಕಾಯುವ ಅವಧಿ ಹಾಕಿದರೆ ಅದು 36 ತಿಂಗಳು ಮೀರುವಂತಿಲ್ಲ. 2024ರ ಏಪ್ರಿಲ್‌ಗೆ ಮೊದಲು ಈ ಮಿತಿ 48 ತಿಂಗಳಿತ್ತು. ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗಾಗಿಯೇ ಪ್ರತ್ಯೇಕ ಪಾಲಿಸಿ ತರಬೇಕೆಂದು ಪ್ರಾಧಿಕಾರ 2023ರ ಫೆಬ್ರುವರಿಯಲ್ಲಿ ಕಂಪನಿಗಳಿಗೆ ಸೂಚಿಸಿದೆ. ಅದನ್ನು ಹೆಸರು ಹಿಡಿದೇ ಕೇಳಿ. ಏಜೆಂಟರು ತಾವಾಗಿ ಹೇಳುವುದು ಕಡಿಮೆ. ನಿರಾಮಯ ಯೋಜನೆಯ ಅರ್ಜಿ ತುಂಬಿಸಿ ಹಣ ಕೇಳುವವರು ಬಂದರೆ ನಂಬಬೇಡಿ. ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇರುವವರಿಗೆ. ಬರೀ ಶ್ರವಣದೋಷಕ್ಕೆ ಅಲ್ಲ.

ಇನ್ನು ಖರ್ಚಿನ ಮಾತು. ವಂಶವಾಹಿ ಪರೀಕ್ಷೆಯ ಹಣ ಸಾಮಾನ್ಯವಾಗಿ ವಿಮೆಯಿಂದ ಬರುವುದಿಲ್ಲ. ಬರೀ ತಪಾಸಣೆಗೆಂದು ಆಸ್ಪತ್ರೆಗೆ ಸೇರಿದ ಖರ್ಚನ್ನು ಹೊರಗಿಡುವ ಷರತ್ತು ಪಾಲಿಸಿಗಳಲ್ಲಿ "ಎಕ್ಸ್‌ಕ್ಲ್ 04" ಎಂಬ ಸಂಕೇತದಡಿ ಇರುತ್ತದೆ. ಕಿವಿಗೆ ಹಾಕುವ ಸಾಧನಕ್ಕೂ ಹೆಚ್ಚಿನ ಪಾಲಿಸಿಗಳು ಹಣ ಕೊಡುವುದಿಲ್ಲ. ಇಂಪ್ಲಾಂಟಿಗೆ ಖಾಸಗಿ ವಿಮೆಯನ್ನು ನೆಚ್ಚಿ ಕಾಯುವುದಕ್ಕಿಂತ ರಾಜ್ಯದ ಶ್ರವಣ ಸಂಜೀವಿನಿ ಮತ್ತು ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಅಡಿಪ್ ಯೋಜನೆಗೆ ಓಡಾಡಿ. ಎರಡರಲ್ಲೂ ವಯಸ್ಸಿನ ಮಿತಿಯಿದೆ, ತಡ ಮಾಡಿದಷ್ಟೂ ಬಾಗಿಲು ಮುಚ್ಚುತ್ತದೆ. ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿನಿಂದ ಹಿಡಿದು ಎಲ್ಲಕ್ಕೂ ದಾರಿ ತೋರಿಸುತ್ತಾರೆ.

ಎರಡನೆಯ ಪಾಲು, ಕಿವಿ ಚೆನ್ನಾಗಿ ಕೇಳಿಸುವ ತಂದೆ, ತಾಯಿ, ಅಕ್ಕ, ಅಣ್ಣ. ವಾಹಕನಾಗಿರುವುದು ಕಾಯಿಲೆಯಲ್ಲ. ಮೊದಲೇ ಇದ್ದ ಕಾಯಿಲೆ ಎನ್ನಿಸಿಕೊಳ್ಳಲು ಪಾಲಿಸಿಗೆ ಹಿಂದಿನ 36 ತಿಂಗಳಲ್ಲಿ ವೈದ್ಯರು ಅದನ್ನು ಗುರುತಿಸಿರಬೇಕು ಅಥವಾ ಅದಕ್ಕೆ ಸಲಹೆ, ಚಿಕಿತ್ಸೆ ನಡೆದಿರಬೇಕು. ಇವರಿಗೆ ಕಾಯಿಲೆಯೇ ಇಲ್ಲ, ಗುರುತಿಸುವುದೇನನ್ನು?

ಆದರೂ ನಮ್ಮ ದೇಶದಲ್ಲಿ ವಂಶವಾಹಿ ವರದಿಯ ಆಧಾರದ ಮೇಲೆ ವಿಮಾ ತಾರತಮ್ಯ ಮಾಡಬಾರದೆಂಬ ಪ್ರತ್ಯೇಕ ಕಾಯ್ದೆ ಇಲ್ಲ. ಅಮೆರಿಕದಲ್ಲಿ 2008ರಲ್ಲೇ ಬಂತು. ಇಲ್ಲಿ 2018ರ ಫೆಬ್ರುವರಿಯಲ್ಲಿ ದೆಹಲಿ ಹೈಕೋರ್ಟ್, ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆಯಿದ್ದ ಒಬ್ಬರ ಪ್ರಕರಣದಲ್ಲಿ, ಇಂಥ ತಾರತಮ್ಯ ಸಂವಿಧಾನದ 14ನೆಯ ವಿಧಿಗೆ ವಿರುದ್ಧ ಎಂದಿತು. ಸುಪ್ರೀಂ ಕೋರ್ಟ್ ಆ ತೀರ್ಪಿಗೆ ಅದೇ ವರ್ಷ ಭಾಗಶಃ ತಡೆ ಕೊಟ್ಟಿತು. ಹೀಗಾಗಿ ಸದ್ಯಕ್ಕೆ ನಮಗೆ ಗಟ್ಟಿ ಆಸರೆ ಪ್ರಾಧಿಕಾರದ ನಿಯಮಗಳೇ.

ಈ ಪಾಲಿನವರಿಗೆ ಮಾತ್ರ "ಪಾಲಿಸಿ ಮೊದಲು, ಪರೀಕ್ಷೆ ಆಮೇಲೆ" ಎಂಬ ಸಲಹೆ ಒಂದಿಷ್ಟು ಸರಿ. ಹೇಗೂ ವಿಮೆ ಮಾಡಿಸಬೇಕೆಂದಿದ್ದರೆ ತಮ್ಮ ರಕ್ತ ಪರೀಕ್ಷೆಗೆ ಮೊದಲೇ ಮಾಡಿಸಿಕೊಳ್ಳಲಿ. ಅಷರ್‌ನಂತೆ ತಡವಾಗಿ ಕಾಣಿಸುವ ಕಾಯಿಲೆ ಮನೆತನದಲ್ಲಿದ್ದರೆ ಇನ್ನೂ ಬೇಗ. ಆದರೆ ಇದಕ್ಕಾಗಿ ಮಗುವಿನ ಪರೀಕ್ಷೆಯನ್ನು ಒಂದು ದಿನವೂ ನಿಲ್ಲಿಸಬೇಡಿ. ಮಗುವಿನ ರಕ್ತವನ್ನು ಇಂದು ಕಳಿಸಿ, ತಂದೆ ತಾಯಿಯದನ್ನು ಪಾಲಿಸಿ ಕೈಗೆ ಬಂದ ಮೇಲೆ ಕಳಿಸಬಹುದು.

ಅರ್ಜಿ ತುಂಬುವಾಗ ಪೆನ್ನು ನಿಮ್ಮ ಕೈಯಲ್ಲೇ ಇರಲಿ. ನಮ್ಮ ಮನೆಗೂ ಒಬ್ಬ ಏಜೆಂಟ ಬಂದಿದ್ದ. ಚಹಾ ಕುಡಿಯುತ್ತ ಎಲ್ಲ ಪ್ರಶ್ನೆಗಳಿಗೂ ತಾನೇ "ಇಲ್ಲ" ಎಂದು ಸರಸರ ಗುರುತು ಹಾಕುತ್ತ ಹೋದ. ಮಗುವಿನ ಕಾಲಮ್ಮಿಗೆ ಬಂದಾಗ ನಾನು ಕೈ ಹಿಡಿದೆ. "ಸಾಹೇಬರೇ, ಬರೆದರೆ ಪಾಸಾಗುವುದಿಲ್ಲ" ಎಂದ. ಪಾಸಾಗದಿದ್ದರೆ ಇಂದು ಗೊತ್ತಾಗುತ್ತದೆ. ಸುಳ್ಳು ಬರೆದರೆ ಆಸ್ಪತ್ರೆಯ ಬಿಲ್ಲಿನ ಮುಂದೆ ನಿಂತಾಗ ಗೊತ್ತಾಗುತ್ತದೆ. ಅಂಥ ಕಡತಗಳನ್ನು ನಾನು ನೂರಾರು ನೋಡಿದ್ದೇನೆ, ಅವುಗಳಲ್ಲಿ ಏಜೆಂಟನ ಸಹಿ ಎಲ್ಲೂ ಇರುವುದಿಲ್ಲ. ಕೇಳಿದ ಪ್ರಶ್ನೆಗೆ ನಿಜ ಬರೆಯಿರಿ. "ನಿಮಗೆ ಯಾವ ಕಾಯಿಲೆ ಇದೆ" ಎಂದು ಕೇಳಿದರೆ ವಾಹಕರ ಉತ್ತರ "ಇಲ್ಲ". "ವಂಶವಾಹಿ ಪರೀಕ್ಷೆ ಮಾಡಿಸಿದ್ದೀರಾ" ಎಂದೇ ಕೇಳಿದ್ದರೆ, ಮಾಡಿಸಿದವರ ಉತ್ತರ "ಹೌದು". ಮನೆತನದ ಕಾಯಿಲೆ ಕೇಳಿದರೆ ಮಗುವಿನ ವಿಷಯ ಬರೆಯಿರಿ. ಯಾರೂ ಕೇಳದ ವರದಿಯನ್ನು ನೀವಾಗಿ ಲಗತ್ತಿಸುವ ಅಗತ್ಯವಿಲ್ಲ. ತುಂಬಿದ ಅರ್ಜಿಯ ಪ್ರತಿ ಇಟ್ಟುಕೊಳ್ಳಿ. ಪಾಲಿಸಿ ಬಂದ ಮೇಲೆ ಓದಿ ಬೇಡವೆನಿಸಿದರೆ 30 ದಿನಗಳೊಳಗೆ ಮರಳಿಸಬಹುದು. ಸತತ 60 ತಿಂಗಳು ನವೀಕರಿಸಿದ ಪಾಲಿಸಿಯಲ್ಲಿ, ವಂಚನೆ ಸಾಬೀತಾಗದ ಹೊರತು, ಮಾಹಿತಿ ಮುಚ್ಚಿಟ್ಟಿರಿ ಎಂಬ ತಕರಾರು ನಡೆಯುವುದಿಲ್ಲ. ಆದ್ದರಿಂದ ಒಂದು ಕಂತೂ ತಪ್ಪದಿರಲಿ.

ಮೂರನೆಯ ಪಾಲು, ಇನ್ನೂ ಹುಟ್ಟದ ಮಗು. ಕುಟುಂಬದ ಪಾಲಿಸಿಗೆ ಕೂಸನ್ನು ಯಾವಾಗ ಸೇರಿಸಬಹುದೆಂದು ಬಸಿರಿನಲ್ಲೇ ಕೇಳಿ; ಹಲವು ಪಾಲಿಸಿಗಳಲ್ಲಿ 90 ದಿನ ತುಂಬಿದ ಮೇಲೆ, ನೌಕರರ ಗುಂಪು ವಿಮೆಗಳಲ್ಲಿ ಬಹಳ ಸಲ ಮೊದಲ ದಿನದಿಂದ. ಬಸಿರಿನಲ್ಲೇ ಪರೀಕ್ಷೆ ಬೇಕೇ ಎಂಬುದು ದಂಪತಿಯ ಮಾತು, ಅತ್ತೆ ಮಾವಂದಿರದ್ದಲ್ಲ. ಅದು ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ನೋಂದಾಯಿತ ಕೇಂದ್ರದಲ್ಲಿ ಮಾತ್ರ ನಡೆಯಬೇಕು. ಸನ್ನೆ ಭಾಷೆಯಲ್ಲಿ ಸಂಸಾರ ನಡೆಸಿ, ಮಕ್ಕಳನ್ನು ಓದಿಸಿದ ದಂಪತಿಗಳನ್ನು ನಾನು ಬಲ್ಲೆ. ನಿರ್ಧಾರಕ್ಕೆ ಮೊದಲು ಅಂಥವರ ಮನೆಗೊಮ್ಮೆ ಹೋಗಿಬನ್ನಿ.

ಐದನೆಯ ಹೆಜ್ಜೆ: ಕ್ಲೇಮು ತಿರಸ್ಕರಿಸಿದರೆ

ಫೋನಿನ ಮಾತಿಗೆ ಬೆಲೆಯಿಲ್ಲ. ಯಾವ ಷರತ್ತಿನಡಿ ತಿರಸ್ಕರಿಸಿದ್ದಾರೆಂದು ಬರವಣಿಗೆಯಲ್ಲಿ ಕೇಳಿ. "ವಂಶವಾಹಿ ಕಾಯಿಲೆ" ಎಂಬುದೊಂದೇ ಕಾರಣವಾಗಿದ್ದರೆ ಪ್ರಾಧಿಕಾರದ ನಿಯಮಗಳನ್ನು ಉಲ್ಲೇಖಿಸಿ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಡಿಸ್ಚಾರ್ಜ್ ಕಾಗದದಲ್ಲಿ ಅವಸರಕ್ಕೆ "ಹುಟ್ಟಿನಿಂದ" ಎಂದು ಗೀಚಿದ ಒಂದು ಪದದಿಂದ ಎಷ್ಟೋ ಕ್ಲೇಮುಗಳು ಬಿದ್ದಿವೆ. ತಪ್ಪಾಗಿದ್ದರೆ ವೈದ್ಯರಿಂದ ತಿದ್ದಿಸಿ, ಸರಿಯಾಗಿದ್ದರೆ ತಿದ್ದಲು ಒತ್ತಾಯಿಸಬೇಡಿ.

ಒಂದು ತಿಂಗಳಾದರೂ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಓಂಬುಡ್ಸ್‌ಮನ್‌ಗೆ ಹೋಗಬಹುದು. ನಮಗೆ ಬೆಂಗಳೂರಿನ ಕಚೇರಿ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷ ರೂಪಾಯಿವರೆಗಿನ ತಕರಾರು ಕೇಳುತ್ತಾರೆ, ಕಂಪನಿಯ ಅಂತಿಮ ಉತ್ತರ ಬಂದು ಒಂದು ವರ್ಷದೊಳಗೆ ದೂರು ಕೊಡಬೇಕು. ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣದಲ್ಲೂ ದೂರು ದಾಖಲಿಸಬಹುದು. ಕಂಪನಿಗೆ, ಓಂಬುಡ್ಸ್‌ಮನ್‌ಗೆ, ಯಾರಿಗೇ ಆಗಲಿ ಕಾಗದಗಳ ಜೆರಾಕ್ಸ್ ಮಾತ್ರ ಕೊಡಿ. ಬೇರಾ ವರದಿಯ ಮೂಲ ಪ್ರತಿ ಇಂಪ್ಲಾಂಟಿನ ಯೋಜನೆಗೂ ಬೇಕು, ಯುಡಿಐಡಿಗೂ ಬೇಕು, ಮುಂದೆ ಶಾಲೆಯಲ್ಲೂ ಕೇಳುತ್ತಾರೆ.